ಆಲ್ಕೇನ್, ಆಲ್ಕೀನ್ ಕ್ರಿಯೆಗಳು: ಬಾಯಿಪಾಠವಿಲ್ಲದೆ ಉತ್ಪನ್ನ ಕಂಡುಹಿಡಿಯುವ ಸಮಗ್ರ ಮಾರ್ಗದರ್ಶಿ

ಹೈಡ್ರೋಕಾರ್ಬನ್ ಪಾಠ ಶುರುವಾದ ಕೂಡಲೇ ಹೆಚ್ಚಿನವರು ಒಂದು ಹಾಳೆ ತೆಗೆದುಕೊಂಡು ಕ್ರಿಯೆಗಳ ಪಟ್ಟಿ ಮಾಡಲು ಕೂರುತ್ತಾರೆ. ಹ್ಯಾಲೋಜನೀಕರಣ, ಹೈಡ್ರೋಜನೀಕರಣ, ಮಾರ್ಕೋನಿಕಾಫ್, ಅದರ ವಿರುದ್ಧ ನಿಯಮ, ಓಜೋನೊಲಿಸಿಸ್... ಪಟ್ಟಿ ಉದ್ದವಾದಷ್ಟೂ ತಲೆಯಲ್ಲಿ ಕಲಸುಮೇಲೋಗರ. ಪರೀಕ್ಷೆಯಲ್ಲಿ ಅಣು ಸ್ವಲ್ಪ ಬದಲಾಗಿ ಬಂದರೆ ಪಟ್ಟಿ ಕೈಕೊಡುತ್ತದೆ.

ನಿಜಕ್ಕೂ ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ. ಕ್ರಿಯೆಯ ನಡುವೆ ಕ್ಷಣಕಾಲ ಒಂದು ಅಸ್ಥಿರ ಕಣ ಹುಟ್ಟುತ್ತದೆ. ಅದು ಯಾವ ಕಾರ್ಬನ್ ಮೇಲೆ ಹುಟ್ಟಿದರೆ ಅದಕ್ಕೆ ಹೆಚ್ಚು ಆರಾಮ? ಈ ನಡುವಣ ಕಣವನ್ನು ಸರಿಯಾಗಿ ಕೂರಿಸಿದರೆ ಉತ್ಪನ್ನ ತಾನಾಗಿ ಬರುತ್ತದೆ. ನಿಯಮ, ವಿರುದ್ಧ ನಿಯಮ ಎಂದು ಬೇರೆ ಬೇರೆ ಕಲಿತದ್ದು ಒಂದೇ ಮಾತಿನ ಎರಡು ರೂಪ ಎಂಬುದೂ ಆಗ ಗೊತ್ತಾಗುತ್ತದೆ. ಮುಂದಿನ ಹಂತಗಳನ್ನೆಲ್ಲ ಇದೇ ದಾರಿಯಲ್ಲಿ ಕಟ್ಟಿದ್ದೇನೆ. ಪೆನ್ನು, ಹಾಳೆ ಇಟ್ಟುಕೊಂಡು ಓದಿ. ರಚನೆ ಬರೆಯದೆ ಸುಮ್ನೆ ಓದಿದರೆ ಈ ವಿಷಯ ಹತ್ತುವುದಿಲ್ಲ.

ಹಂತ 1: ಸೂತ್ರದಲ್ಲಿ ಹೈಡ್ರೋಜನ್ ಕೊರತೆ ಎಣಿಸಿ

ಆಲ್ಕೇನ್‌ನಲ್ಲಿ (ಏಕಬಂಧಗಳಷ್ಟೇ ಇರುವ ಹೈಡ್ರೋಕಾರ್ಬನ್) ಕಾರ್ಬನ್ ಎಷ್ಟಿದೆಯೋ ಅದರ ಎರಡರಷ್ಟು ಹೈಡ್ರೋಜನ್, ಮೇಲೆ ಇನ್ನೆರಡು. ಮೂರು ಕಾರ್ಬನ್ ಇದ್ದರೆ ಎಂಟು ಹೈಡ್ರೋಜನ್: ಸಿ₃ಎಚ್₈, ಪ್ರೊಪೇನ್. ಒಂದು ದ್ವಿಬಂಧ ಬಂತೆಂದರೆ ಅದು ಆಲ್ಕೀನ್, ಎರಡು ಹೈಡ್ರೋಜನ್ ಕಡಿಮೆ: ಸಿ₃ಎಚ್₆, ಪ್ರೊಪೀನ್.

ಹೊಸ ಸೂತ್ರ ಕೊಟ್ಟಾಗ ಹೀಗೆ ಮಾಡಿ. ಆ ಕಾರ್ಬನ್ ಸಂಖ್ಯೆಗೆ ಗರಿಷ್ಠ ಎಷ್ಟು ಹೈಡ್ರೋಜನ್ ಇರಬಹುದು ಎಂದು ಬರೆಯಿರಿ. ಇರುವುದನ್ನು ಕಳೆಯಿರಿ. ಉಳಿದದ್ದನ್ನು ಎರಡರಿಂದ ಭಾಗಿಸಿ. ಸಿ₅ಎಚ್₁₀ಕ್ಕೆ ಗರಿಷ್ಠ 12, ಇರುವುದು 10, ಕೊರತೆ 1. ಅಂದರೆ ಒಂದು ದ್ವಿಬಂಧ ಇದೆ, ಇಲ್ಲವೇ ಒಂದು ಉಂಗುರ ಇದೆ. ಈ 'ಇಲ್ಲವೇ' ಅನ್ನು ಮರೆಯಬೇಡಿ. ಸೈಕ್ಲೋಹೆಕ್ಸೇನ್ ಸೂತ್ರವೂ ಸಿ₆ಎಚ್₁₂, ಹೆಕ್ಸೀನ್ ಸೂತ್ರವೂ ಅದೇ. ಸೂತ್ರವನ್ನಷ್ಟೇ ನೋಡಿ ಆಲ್ಕೀನ್ ಎಂದು ಬರೆದುಬಿಡುವ ಹಾಗಿಲ್ಲ. ಅಣುವಿನಲ್ಲಿ ಕ್ಲೋರಿನ್ ಅಥವಾ ಬ್ರೋಮಿನ್ ಇದ್ದರೆ ಅದನ್ನೂ ಹೈಡ್ರೋಜನ್ ಲೆಕ್ಕಕ್ಕೆ ಸೇರಿಸಿ. ಆಕ್ಸಿಜನ್ ಇದ್ದರೆ ಲೆಕ್ಕಕ್ಕೆ ತೆಗೆದುಕೊಳ್ಳುವುದು ಬೇಡ.

ಹಂತ 2: ಎಲೆಕ್ಟ್ರಾನ್ ಎಲ್ಲಿದೆ ನೋಡಿ

ಆಲ್ಕೇನ್‌ನಲ್ಲಿ ಇರುವುದೆಲ್ಲ ಸಿಗ್ಮಾ ಬಂಧ. ಎಲೆಕ್ಟ್ರಾನ್‌ಗಳು ಎರಡು ಪರಮಾಣುಗಳ ನಡುವೆ ಬಿಗಿಯಾಗಿ ಕೂತಿರುತ್ತವೆ. ಕಾರ್ಬನ್, ಹೈಡ್ರೋಜನ್ ಎರಡೂ ಎಲೆಕ್ಟ್ರಾನನ್ನು ಹೆಚ್ಚುಕಡಿಮೆ ಒಂದೇ ಬಲದಲ್ಲಿ ಎಳೆಯುವುದರಿಂದ ಎಲ್ಲೂ ಗಮನಾರ್ಹ ಧನ, ಋಣ ಭಾಗ ಇಲ್ಲ. ಹಾಗಾಗಿ ಆಮ್ಲ, ಕ್ಷಾರ, ಪೊಟ್ಯಾಸಿಯಂ ಪರ್ಮಾಂಗನೇಟ್ ಸಾಮಾನ್ಯ ಸ್ಥಿತಿಯಲ್ಲಿ ಆಲ್ಕೇನನ್ನು ಮುಟ್ಟುವುದೇ ಇಲ್ಲ. ಅದನ್ನು ಅಲುಗಾಡಿಸಲು ಬೆಳಕು, ಜಾಸ್ತಿ ಶಾಖ ಅಥವಾ ಬೆಂಕಿಯೇ ಬೇಕು.

ಆಲ್ಕೀನ್ ಕಥೆ ಬೇರೆ. ಕಾರ್ಬನ್-ಕಾರ್ಬನ್ ಏಕಬಂಧದ ಶಕ್ತಿ ಮೋಲ್‌ಗೆ ಸುಮಾರು 348 ಕಿಲೋಜೂಲ್. ದ್ವಿಬಂಧದ್ದು ಸುಮಾರು 614. ಎರಡನೆಯ ಬಂಧವೂ ಮೊದಲಿನಷ್ಟೇ ಗಟ್ಟಿ ಇದ್ದಿದ್ದರೆ 696 ಆಗಬೇಕಿತ್ತು, ಅಲ್ವಾ? ಆಗಿಲ್ಲ. ಅಂದರೆ ಎರಡನೆಯದಾದ ಪೈ ಬಂಧ ಸುಮಾರು 266 ಕಿಲೋಜೂಲ್ ಬಂಧ ಮಾತ್ರ. ಜೊತೆಗೆ ಅದರ ಎಲೆಕ್ಟ್ರಾನ್‌ಗಳು ಅಣುವಿನ ಸಮತಲದ ಮೇಲೆ, ಕೆಳಗೆ ಹರಡಿಕೊಂಡು ಹೊರಗಿನವರ ಕೈಗೆ ಸುಲಭವಾಗಿ ಸಿಗುವಂತಿವೆ. ಎಲೆಕ್ಟ್ರಾನ್ ಹಸಿವಿರುವ ಯಾವುದೇ ಕಣ ಹತ್ತಿರ ಬಂದರೆ ಪೈ ಬಂಧ ಬಿಚ್ಚಿಕೊಳ್ಳುತ್ತದೆ, ಸಿಗ್ಮಾ ಬಂಧ ಉಳಿಯುತ್ತದೆ. ಆಲ್ಕೀನ್‌ಗಳದ್ದು ಸಂಕಲನ ಕ್ರಿಯೆ (ಹೊಸದು ಬಂದು ಸೇರುವುದು), ಆಲ್ಕೇನ್‌ಗಳದ್ದು ಆದೇಶನ ಕ್ರಿಯೆ (ಒಂದು ಹೋಗಿ ಅದರ ಜಾಗಕ್ಕೆ ಇನ್ನೊಂದು ಬರುವುದು) ಎನ್ನುವುದರ ಮೂಲ ಇಷ್ಟೇ.

ಪೈ ಬಂಧ ಇನ್ನೊಂದು ಕೆಲಸ ಮಾಡುತ್ತದೆ. ದ್ವಿಬಂಧದ ಸುತ್ತ ತಿರುಗುವುದನ್ನು ತಡೆಯುತ್ತದೆ. ಹಾಗಾಗಿ ಬ್ಯೂಟ್-2-ಈನ್‌ಗೆ ಸಿಸ್, ಟ್ರಾನ್ಸ್ ಎಂಬ ಎರಡು ಬೇರೆ ರೂಪಗಳಿವೆ. ಸಿಸ್ ರೂಪದಲ್ಲಿ ಎರಡು ಮೀಥೈಲ್ ಗುಂಪುಗಳು ಒಂದೇ ಬದಿಯಲ್ಲಿ ಒತ್ತಿಕೊಂಡಿರುತ್ತವೆ. ಟ್ರಾನ್ಸ್‌ನಲ್ಲಿ ಆಚೀಚೆ ಇರುತ್ತವೆ. ಯಾವುದು ಸ್ಥಿರ ಎಂದು ಊಹಿಸಬೇಕಿಲ್ಲ, ಅಳೆಯಬಹುದು. ಹೈಡ್ರೋಜನ್ ಸೇರಿಸಿದರೆ ಎರಡೂ ಬ್ಯೂಟೇನ್ ಆಗುತ್ತವೆ. ಸಿಸ್ ಬಿಡುವ ಶಾಖ ಮೋಲ್‌ಗೆ ಸುಮಾರು 120 ಕಿಲೋಜೂಲ್, ಟ್ರಾನ್ಸ್ ಬಿಡುವುದು ಸುಮಾರು 115. ದ್ವಿಬಂಧ ತುದಿಯಲ್ಲಿರುವ ಬ್ಯೂಟ್-1-ಈನ್ ಬಿಡುವುದು ಸುಮಾರು 127. ಜಾಸ್ತಿ ಶಾಖ ಬಿಟ್ಟದ್ದು ಮೊದಲೇ ಜಾಸ್ತಿ ಶಕ್ತಿ ಇಟ್ಟುಕೊಂಡಿತ್ತು, ಅಂದರೆ ಕಡಿಮೆ ಸ್ಥಿರವಾಗಿತ್ತು. ದ್ವಿಬಂಧದ ಕಾರ್ಬನ್‌ಗಳಿಗೆ ಆಲ್ಕೈಲ್ ಗುಂಪು (ಮೀಥೈಲ್‌ನಂಥ, ಒಂದು ಹೈಡ್ರೋಜನ್ ಕಳೆದ ಆಲ್ಕೇನ್ ತುಂಡು) ಹೆಚ್ಚಿದಷ್ಟೂ ಆಲ್ಕೀನ್ ಸ್ಥಿರ.

ಭೌತಿಕ ಗುಣಗಳು, ಬೇಗ ಬೇಗ

ಇದರಲ್ಲಿ ಹೆಚ್ಚು ಹೊತ್ತು ಕಳೆಯಬೇಕಿಲ್ಲ. ಎರಡೂ ಗುಂಪುಗಳು ನೀರಿನಲ್ಲಿ ಕರಗುವುದಿಲ್ಲ. ದ್ರವವಾಗಿದ್ದರೆ ನೀರಿನ ಮೇಲೆ ತೇಲುತ್ತವೆ. ಸರಪಳಿ ಉದ್ದವಾದಷ್ಟೂ ಕುದಿಬಿಂದು ಏರುತ್ತದೆ: ಮೀಥೇನ್ ಮೈನಸ್ 162 ಡಿಗ್ರಿ ಸೆಲ್ಸಿಯಸ್, ಪ್ರೊಪೇನ್ ಮೈನಸ್ 42, ಪೆಂಟೇನ್ 36, ಹೆಕ್ಸೇನ್ 69. ಕವಲು ಹೆಚ್ಚಾದರೆ ಇಳಿಯುತ್ತದೆ. ಅದೇ ಸಿ₅ಎಚ್₁₂ ಸೂತ್ರದ ನೇರ ಪೆಂಟೇನ್ 36ಕ್ಕೆ, ಒಂದು ಕವಲಿನ ಐಸೋಪೆಂಟೇನ್ 28ಕ್ಕೆ, ಉಂಡೆಯಂಥ ನಿಯೋಪೆಂಟೇನ್ ಬರೀ 9.5ಕ್ಕೆ ಕುದಿಯುತ್ತದೆ. ಅಣು ಉಂಡೆಯಾದರೆ ಪಕ್ಕದ ಅಣುವಿಗೆ ತಾಗುವ ಮೈ ಕಡಿಮೆ, ಆಕರ್ಷಣೆಯೂ ಕಡಿಮೆ. ಆಲ್ಕೀನ್‌ಗಳ ಅಂಕಿಗಳು ಅದೇ ಗಾತ್ರದ ಆಲ್ಕೇನ್‌ಗೆ ಹತ್ತಿರವೇ ಇರುತ್ತವೆ.

ಹಂತ 3: ಬಾಣದ ಮೇಲೆ ಬರೆದದ್ದನ್ನು ಓದಿ

ಪ್ರಶ್ನೆಯಲ್ಲಿ ಕಣ್ಣು ಮೊದಲು ಹೋಗಬೇಕಾದ್ದು ಅಣುವಿನ ಕಡೆಗಲ್ಲ, ಬಾಣದ ಮೇಲಿನ ಬರಹದ ಕಡೆಗೆ. ಬೆಳಕು, ಹೆಚ್ಚಿನ ಶಾಖ ಅಥವಾ ಪೆರಾಕ್ಸೈಡ್ ಎಂದಿದ್ದರೆ ನಡುವಣ ಕಣ ಒಂಟಿ ಎಲೆಕ್ಟ್ರಾನ್ ಇರುವ ಮುಕ್ತ ರ‍್ಯಾಡಿಕಲ್. ಹೈಡ್ರೋಜನ್ ಹ್ಯಾಲೈಡ್ (ಹೈಡ್ರೋಜನ್ ಬ್ರೋಮೈಡ್‌ನಂಥದು) ಅಥವಾ ಆಮ್ಲ ಮಾತ್ರ ಇದ್ದರೆ ಕಾರ್ಬೋಕ್ಯಾಟಯಾನ್, ಅಂದರೆ ಕಾರ್ಬನ್ ಮೇಲೆ ಧನ ಆವೇಶವಿರುವ ಕಣ. ನಿಕ್ಕಲ್, ಪ್ಲಾಟಿನಂ ಅಥವಾ ಪಲ್ಲಾಡಿಯಂ ಜೊತೆ ಹೈಡ್ರೋಜನ್ ಇದ್ದರೆ ಲೋಹದ ಮೇಲ್ಮೈ ಮೇಲೆ ನಡೆಯುವ ಸಂಕಲನ. ಪರ್ಮಾಂಗನೇಟ್ ಅಥವಾ ಓಜೋನ್ ಕಂಡರೆ ಉತ್ಕರ್ಷಣ.

ಇನ್ನೊಂದು ಮಾತು ಈಗಲೇ ಬರೆದಿಟ್ಟುಕೊಳ್ಳಿ. ರ‍್ಯಾಡಿಕಲ್ ಇರಲಿ, ಕಾರ್ಬೋಕ್ಯಾಟಯಾನ್ ಇರಲಿ, ಸ್ಥಿರತೆಯ ಕ್ರಮ ಒಂದೇ: ತೃತೀಯಕ, ನಂತರ ದ್ವಿತೀಯಕ, ಕೊನೆಗೆ ಪ್ರಾಥಮಿಕ. ಆ ಕಾರ್ಬನ್‌ಗೆ ಬೇರೆ ಮೂರು ಕಾರ್ಬನ್ ಅಂಟಿದ್ದರೆ ತೃತೀಯಕ, ಎರಡಾದರೆ ದ್ವಿತೀಯಕ, ಒಂದಾದರೆ ಪ್ರಾಥಮಿಕ; ಅದರ ಮೇಲಿನ ಹೈಡ್ರೋಜನ್‌ಗೂ ಅದೇ ಹೆಸರು. ಎರಡಕ್ಕೂ ಎಲೆಕ್ಟ್ರಾನ್ ಕೊರತೆ ಇದೆ. ಪಕ್ಕದ ಆಲ್ಕೈಲ್ ಗುಂಪುಗಳು ಆ ಕೊರತೆಯನ್ನು ಸ್ವಲ್ಪ ತುಂಬುತ್ತವೆ.

ಹಂತ 4: ಆಲ್ಕೇನ್ ಉರಿದರೆ

ದಹನದ ಸಮೀಕರಣ ಸರಿದೂಗಿಸುವಾಗ ಕ್ರಮ ತಪ್ಪಿಸಬೇಡಿ. ಮೊದಲು ಕಾರ್ಬನ್, ಆಮೇಲೆ ಹೈಡ್ರೋಜನ್, ಕೊನೆಗೆ ಆಕ್ಸಿಜನ್.

ಸಿ₃ಎಚ್₈ + 5 ಓ₂ → 3 ಸಿಓ₂ + 4 ಎಚ್₂ಓ

ಬ್ಯೂಟೇನ್‌ಗೆ ಇದೇ ಕ್ರಮದಲ್ಲಿ ಹೋದರೆ ಆಕ್ಸಿಜನ್ ಆರೂವರೆ ಬರುತ್ತದೆ. ಇಡೀ ಸಮೀಕರಣವನ್ನು ಎರಡರಿಂದ ಗುಣಿಸಿ 13 ಮಾಡಿಕೊಂಡರಾಯಿತು. ಒಂದು ಮೋಲ್ ಮೀಥೇನ್ ಪೂರ್ತಿ ಉರಿದರೆ ಸುಮಾರು 890 ಕಿಲೋಜೂಲ್ ಶಾಖ ಸಿಗುತ್ತದೆ. ಗಾಳಿ ಸಾಲದಿದ್ದರೆ ಕಾರ್ಬನ್ ಮಾನಾಕ್ಸೈಡ್ ಮತ್ತು ಮಸಿ ಬರುತ್ತವೆ. ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದಕ್ಕೇ ಅದು ಅಷ್ಟು ಅಪಾಯ.

ಆಲ್ಕೀನ್ ಕೂಡ ಉರಿಯುತ್ತದೆ, ಆದರೆ ಜ್ವಾಲೆಯಲ್ಲಿ ಮಸಿ ಜಾಸ್ತಿ. ಈಥೇನ್ ತೂಕದಲ್ಲಿ ಶೇಕಡಾ 80ರಷ್ಟು ಕಾರ್ಬನ್. ಈಥೀನ್‌ನಲ್ಲಿ 85.7. ತಮಾಷೆ ಏನೆಂದರೆ ಒಂದೇ ದ್ವಿಬಂಧದ ಎಲ್ಲ ಆಲ್ಕೀನ್‌ಗಳಲ್ಲೂ ಇದೇ 85.7, ಏಕೆಂದರೆ ಎಲ್ಲದರಲ್ಲೂ ಕಾರ್ಬನ್ ಒಂದಕ್ಕೆ ಹೈಡ್ರೋಜನ್ ಎರಡು.

ಹಂತ 5: ಬೆಳಕಿನಲ್ಲಿ ಹ್ಯಾಲೋಜನ್ (ಇಲ್ಲಿ ನಿಧಾನಿಸಿ)

ಮೀಥೇನ್ ಮತ್ತು ಕ್ಲೋರಿನ್ ಕತ್ತಲಲ್ಲಿ ಒಟ್ಟಿಗೆ ಇದ್ದರೂ ಏನೂ ಆಗುವುದಿಲ್ಲ. ಬೆಳಕು ಬಿದ್ದರೆ ಕ್ಲೋರಿನ್ ಅಣು ಎರಡು ಹೋಳಾಗುತ್ತದೆ. ಅದರ ಬಂಧ ಮೋಲ್‌ಗೆ ಸುಮಾರು 243 ಕಿಲೋಜೂಲ್ ಮಾತ್ರ, ಮೀಥೇನ್‌ನ ಕಾರ್ಬನ್-ಹೈಡ್ರೋಜನ್ ಬಂಧ ಸುಮಾರು 439. ಮೊದಲು ಮುರಿಯುವುದು ಯಾವುದು ಎಂದು ಕೇಳಬೇಕಿಲ್ಲ.

ಹುಟ್ಟಿದ ಕ್ಲೋರಿನ್ ರ‍್ಯಾಡಿಕಲ್ ಮೀಥೇನ್‌ನಿಂದ ಒಂದು ಹೈಡ್ರೋಜನ್ ಕಿತ್ತುಕೊಳ್ಳುತ್ತದೆ. ಹೈಡ್ರೋಜನ್ ಕ್ಲೋರೈಡ್ ಮತ್ತು ಮೀಥೈಲ್ ರ‍್ಯಾಡಿಕಲ್ ಉಳಿಯುತ್ತವೆ. ಆ ಮೀಥೈಲ್ ರ‍್ಯಾಡಿಕಲ್ ಇನ್ನೊಂದು ಕ್ಲೋರಿನ್ ಅಣುವಿಗೆ ಕೈಹಾಕಿ ಕ್ಲೋರೋಮೀಥೇನ್ ಆಗುತ್ತದೆ, ಒಂದು ಕ್ಲೋರಿನ್ ರ‍್ಯಾಡಿಕಲನ್ನು ಮತ್ತೆ ಬಿಡುತ್ತದೆ. ಸರಪಳಿ ಮುಂದುವರಿಯುತ್ತದೆ. ಎರಡು ರ‍್ಯಾಡಿಕಲ್‌ಗಳು ಒಂದಕ್ಕೊಂದು ಸಿಕ್ಕಿದಾಗ ಮಾತ್ರ ನಿಲುಗಡೆ. ಎರಡು ಮೀಥೈಲ್ ಸೇರಿದರೆ ಈಥೇನ್ ಆಗಬೇಕು. ಉತ್ಪನ್ನದಲ್ಲಿ ನಿಜವಾಗಿಯೂ ಚೂರು ಈಥೇನ್ ಸಿಗುತ್ತದೆ. ಈ ವಿವರಣೆ ಕಟ್ಟುಕತೆಯಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಕ್ಲೋರಿನ್ ಸಾಕಷ್ಟಿದ್ದರೆ ಕ್ರಿಯೆ ಒಂದರಲ್ಲೇ ನಿಲ್ಲುವುದಿಲ್ಲ. ಡೈಕ್ಲೋರೋಮೀಥೇನ್, ಕ್ಲೋರೋಫಾರ್ಮ್, ಕಾರ್ಬನ್ ಟೆಟ್ರಾಕ್ಲೋರೈಡ್ ಎಲ್ಲ ಬರುತ್ತವೆ. ಒಂದೇ ಕ್ಲೋರಿನ್ ಸೇರಬೇಕೆಂದರೆ ಮೀಥೇನನ್ನು ತುಂಬಾ ಜಾಸ್ತಿ ಇಡಬೇಕು. ಫ್ಲೋರಿನ್ ಆದರೆ ಸ್ಫೋಟಿಸುವಷ್ಟು ರಭಸ. ಅಯೋಡಿನ್ ಕ್ರಿಯೆ ಹಿಂದಕ್ಕೇ ಓಡುತ್ತದೆ, ಹಾಗಾಗಿ ಹುಟ್ಟುವ ಹೈಡ್ರೋಜನ್ ಅಯೋಡೈಡನ್ನು ತೆಗೆಯಲು ಅಯೋಡಿಕ್ ಆಮ್ಲದಂಥ ಉತ್ಕರ್ಷಕ ಬೇಕು. ಲೆಕ್ಕಕ್ಕೆ ಬರುವವು ಕ್ಲೋರಿನ್, ಬ್ರೋಮಿನ್ ಎರಡೇ.

ಈಗ ಲೆಕ್ಕ. ಪ್ರೊಪೇನ್‌ನಲ್ಲಿ 6 ಪ್ರಾಥಮಿಕ ಹೈಡ್ರೋಜನ್, 2 ದ್ವಿತೀಯಕ. ಪ್ರತಿ ಹೈಡ್ರೋಜನ್ ಎಷ್ಟು ಸುಲಭವಾಗಿ ಹೋಗುತ್ತದೆ ಎಂಬ ಅನುಪಾತ ಕ್ಲೋರಿನ್‌ಗೆ ಹೀಗಿದೆ: ಪ್ರಾಥಮಿಕ 1, ದ್ವಿತೀಯಕ 3.8, ತೃತೀಯಕ 5. ಬ್ರೋಮಿನ್‌ಗೆ 1, 82, 1600. ತಾಪಮಾನ ಬದಲಾದರೆ ಅಂಕಿ ಸ್ವಲ್ಪ ಆಚೀಚೆ ಆಗುತ್ತದೆ, ಸ್ವಭಾವ ಬದಲಾಗುವುದಿಲ್ಲ. ಹೈಡ್ರೋಜನ್ ಸಂಖ್ಯೆಯನ್ನು ಈ ಅಂಕಿಯಿಂದ ಗುಣಿಸಿ.

ಕ್ಲೋರಿನ್: 6 × 1 = 6, 2 × 3.8 = 7.6. ಒಟ್ಟು 13.6. ಅಂದರೆ 1-ಕ್ಲೋರೋಪ್ರೊಪೇನ್ ಶೇಕಡಾ 44, 2-ಕ್ಲೋರೋಪ್ರೊಪೇನ್ ಶೇಕಡಾ 56.

ಬ್ರೋಮಿನ್: 6 × 1 = 6, 2 × 82 = 164. ಒಟ್ಟು 170. 2-ಬ್ರೋಮೋಪ್ರೊಪೇನ್ ಶೇಕಡಾ 96ಕ್ಕೂ ಜಾಸ್ತಿ.

ಒಂದೇ ಅಣು, ಒಂದೇ ಬೆಳಕು, ಇಷ್ಟು ವ್ಯತ್ಯಾಸ ಯಾಕೆ? ಕ್ಲೋರಿನ್ ಹೈಡ್ರೋಜನ್ ಕೀಳುವ ಹಂತದಲ್ಲಿ ಶಕ್ತಿ ಹೊರಬರುತ್ತದೆ. ಅದು ಅವಸರದ ಕ್ರಿಯೆ, ಮುಂದೆ ಯಾವ ರ‍್ಯಾಡಿಕಲ್ ಹುಟ್ಟುತ್ತದೆ ಎಂಬುದು ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ಬ್ರೋಮಿನ್‌ಗೆ ಅದೇ ಹಂತದಲ್ಲಿ ಶಕ್ತಿ ಖರ್ಚಾಗುತ್ತದೆ. ಬೆಟ್ಟದ ತುದಿಯಂಥ ಆ ಕಷ್ಟದ ಗಳಿಗೆಯಲ್ಲಿ ರ‍್ಯಾಡಿಕಲ್ ಬಹುಪಾಲು ಹುಟ್ಟಿಯೇ ಬಿಟ್ಟಿರುತ್ತದೆ. ಹಾಗಾಗಿ ಅದರ ಸ್ಥಿರತೆ ಪೂರ್ತಿಯಾಗಿ ಲೆಕ್ಕಕ್ಕೆ ಬರುತ್ತದೆ. ಜಾರ್ಜ್ ಹ್ಯಾಮಂಡ್ 1955ರಲ್ಲಿ ಮುಂದಿಟ್ಟ ವಿಚಾರ ಇದೇ. ಆಲ್ಕೇನ್‌ಗೆ ನಿಶ್ಚಿತ ಜಾಗದಲ್ಲಿ ಹ್ಯಾಲೋಜನ್ ಬೇಕೆಂದರೆ ನಾನಂತೂ ಕ್ಲೋರಿನ್ ಕಡೆ ತಲೆಹಾಕುವುದಿಲ್ಲ.

ಆಲ್ಕೇನ್‌ನ ಉಳಿದ ಕ್ರಿಯೆಗಳು ಚಿಕ್ಕವು. ಜೋರಾಗಿ ಕಾಯಿಸಿದರೆ ಉದ್ದ ಸರಪಳಿ ತುಂಡಾಗುತ್ತದೆ. ಡೆಕೇನ್ ಒಡೆದು ಆಕ್ಟೇನ್ ಮತ್ತು ಈಥೀನ್ ಆಗಬಹುದು. ಒಡೆದಾಗ ಒಂದು ತುಂಡಾದರೂ ಆಲ್ಕೀನ್ ಆಗಲೇಬೇಕು, ಹೈಡ್ರೋಜನ್ ಎಣಿಸಿ ನೋಡಿ. ಅಲ್ಯೂಮಿನಿಯಂ ಕ್ಲೋರೈಡ್ ಜೊತೆ ಕಾಯಿಸಿದರೆ ನೇರ ಸರಪಳಿ ಕವಲೊಡೆಯುತ್ತದೆ. ಹೆಕ್ಸೇನನ್ನು ಸೂಕ್ತ ಲೋಹ ಆಕ್ಸೈಡ್ ಕ್ರಿಯಾವರ್ಧಕದ ಮೇಲೆ ಸುಮಾರು 500 ಡಿಗ್ರಿಯಲ್ಲಿ ಹಾಯಿಸಿದರೆ ಬೆಂಜೀನ್, ಹೆಪ್ಟೇನ್ ಆದರೆ ಟಾಲ್ವೀನ್.

ಹಂತ 6: ಆಲ್ಕೀನ್‌ಗೆ ಹೈಡ್ರೋಜನ್ ಬ್ರೋಮೈಡ್

ಪ್ರೊಪೀನ್ ಬರೆದುಕೊಳ್ಳಿ: ಸಿಎಚ್₃–ಸಿಎಚ್=ಸಿಎಚ್₂. ಹೈಡ್ರೋಜನ್ ಬ್ರೋಮೈಡ್‌ನಿಂದ ಮೊದಲು ಬರುವುದು ಧನ ಆವೇಶದ ಹೈಡ್ರೋಜನ್. ಅದು ತುದಿಯ ಕಾರ್ಬನ್‌ಗೆ ಕೂತರೆ ಧನ ಆವೇಶ ನಡುವಿನ ಕಾರ್ಬನ್ ಮೇಲೆ ಬರುತ್ತದೆ, ದ್ವಿತೀಯಕ ಕ್ಯಾಟಯಾನ್. ನಡುವಿನದಕ್ಕೆ ಕೂತರೆ ಆವೇಶ ತುದಿಗೆ, ಪ್ರಾಥಮಿಕ ಕ್ಯಾಟಯಾನ್. ಮೊದಲನೆಯದೇ ಆರಾಮ. ಆಮೇಲೆ ಬ್ರೋಮೈಡ್ ಬಂದು ಆವೇಶವಿದ್ದ ಕಡೆ ಅಂಟುತ್ತದೆ. ಉತ್ಪನ್ನ 2-ಬ್ರೋಮೋಪ್ರೊಪೇನ್.

ಹೈಡ್ರೋಜನ್ ಹೆಚ್ಚಿರುವ ಕಾರ್ಬನ್‌ಗೇ ಹೈಡ್ರೋಜನ್ ಹೋಗುತ್ತದೆ ಎಂದು ರಷ್ಯಾದ ವ್ಲಾದಿಮಿರ್ ಮಾರ್ಕೋನಿಕಾಫ್ 1869ರ ಸುಮಾರಿಗೆ ಗುರುತಿಸಿದರು. ಆಗಿನ್ನೂ ಎಲೆಕ್ಟ್ರಾನ್ ಪತ್ತೆಯೇ ಆಗಿರಲಿಲ್ಲ. ಅವರ ಬಳಿ ಇದ್ದದ್ದು ಪ್ರಯೋಗದ ಫಲಿತಾಂಶಗಳು ಮಾತ್ರ. ನಮ್ಮ ಬಳಿ ಕಾರಣವೂ ಇದೆ. ಹಾಗಿದ್ದ ಮೇಲೆ ನಿಯಮದ ವಾಕ್ಯಕ್ಕಿಂತ ಕ್ಯಾಟಯಾನ್ ಹಿಡಿದುಕೊಳ್ಳುವುದೇ ಜಾಣತನ. ಯಾಕೆಂದರೆ ವಾಕ್ಯ ಕೈಬಿಡುವ ಜಾಗ ಒಂದಿದೆ.

3-ಮೀಥೈಲ್‌ಬ್ಯೂಟ್-1-ಈನ್‌ಗೆ ಹೈಡ್ರೋಜನ್ ಕ್ಲೋರೈಡ್ ಸೇರಿಸಿ. ನಿಯಮದ ಪ್ರಕಾರ 2-ಕ್ಲೋರೋ-3-ಮೀಥೈಲ್‌ಬ್ಯೂಟೇನ್ ಬರಬೇಕು. ಬರುತ್ತದೆ, ಆದರೆ ಅದಕ್ಕಿಂತ ಹೆಚ್ಚಾಗಿ 2-ಕ್ಲೋರೋ-2-ಮೀಥೈಲ್‌ಬ್ಯೂಟೇನ್ ಬರುತ್ತದೆ. ಆದದ್ದು ಇಷ್ಟು: ಎರಡನೇ ಕಾರ್ಬನ್ ಮೇಲೆ ದ್ವಿತೀಯಕ ಕ್ಯಾಟಯಾನ್ ಹುಟ್ಟಿತು. ಪಕ್ಕದ ಮೂರನೇ ಕಾರ್ಬನ್‌ನಲ್ಲಿ ಒಂದು ಹೈಡ್ರೋಜನ್ ಇತ್ತು. ಅದು ತನ್ನ ಎರಡು ಎಲೆಕ್ಟ್ರಾನ್‌ಗಳ ಸಮೇತ ಈಚೆಗೆ ಜರುಗಿತು. ಆವೇಶ ಮೂರನೇ ಕಾರ್ಬನ್‌ಗೆ ಹೋಗಿ ತೃತೀಯಕವಾಯಿತು. ಕ್ಲೋರೈಡ್ ಅಲ್ಲೇ ಅಂಟಿತು. ಹಾಗಾಗಿ ಕ್ಯಾಟಯಾನ್ ಬರೆದ ಮೇಲೆ ಪಕ್ಕದ ಕಾರ್ಬನ್ ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ. ಒಂದು ಹೈಡ್ರೋಜನ್ ಅಥವಾ ಮೀಥೈಲ್ ಜರುಗಿದರೆ ಹೆಚ್ಚು ಸ್ಥಿರ ಕ್ಯಾಟಯಾನ್ ಸಿಗುತ್ತದೆಯೇ? ಸಿಗುವುದಾದರೆ ಜರುಗಿಸಿ.

ಹಂತ 7: ಪೆರಾಕ್ಸೈಡ್ ಇದ್ದರೆ

ಪ್ರೊಪೀನ್, ಹೈಡ್ರೋಜನ್ ಬ್ರೋಮೈಡ್ ಅವೇ. ಚೂರು ಪೆರಾಕ್ಸೈಡ್ ಸೇರಿಸಿದರೆ 1-ಬ್ರೋಮೋಪ್ರೊಪೇನ್ ಬರುತ್ತದೆ. ಒಬ್ಬೊಬ್ಬರ ಪ್ರಯೋಗದಲ್ಲಿ ಒಂದೊಂದು ಉತ್ಪನ್ನ ಬರುತ್ತಿದ್ದದ್ದು ಬಹುಕಾಲ ಗೊಂದಲವಾಗಿಯೇ ಇತ್ತು. ಗಾಳಿಗೆ ತೆರೆದಿಟ್ಟ ಹಳೆಯ ಆಲ್ಕೀನ್‌ನಲ್ಲಿ ತಾನಾಗಿ ಸೇರಿಕೊಂಡ ಪೆರಾಕ್ಸೈಡ್ ಇದಕ್ಕೆ ಕಾರಣ ಎಂದು ಷಿಕಾಗೋ ವಿಶ್ವವಿದ್ಯಾಲಯದ ಖರಾಷ್ ಮತ್ತು ಮೇಯೋ 1933ರಲ್ಲಿ ತೋರಿಸಿದರು.

ಪಠ್ಯದಲ್ಲಿ ಇದನ್ನು ಮಾರ್ಕೋನಿಕಾಫ್ ನಿಯಮಕ್ಕೆ ವಿರುದ್ಧ ಎಂದು ಕಲಿಸುತ್ತಾರೆ. ನನಗೆ ಆ ಹೆಸರು ಅಷ್ಟು ಹಿಡಿಸುವುದಿಲ್ಲ. ನಡೆಯುವುದನ್ನು ನೋಡಿ. ಪೆರಾಕ್ಸೈಡ್ ಇದ್ದಾಗ ಮೊದಲು ಬರುವುದು ಹೈಡ್ರೋಜನ್ ಅಲ್ಲ, ಬ್ರೋಮಿನ್ ರ‍್ಯಾಡಿಕಲ್. ಅದೂ ತುದಿಯ ಕಾರ್ಬನ್‌ಗೇ ಕೂರುತ್ತದೆ, ಏಕೆಂದರೆ ಆಗ ಒಂಟಿ ಎಲೆಕ್ಟ್ರಾನ್ ನಡುವಿನ ಕಾರ್ಬನ್ ಮೇಲೆ ಬಂದು ದ್ವಿತೀಯಕ ರ‍್ಯಾಡಿಕಲ್ ಆಗುತ್ತದೆ. ಹೈಡ್ರೋಜನ್ ಆಮೇಲೆ ಬಂದು ನಡುವೆ ಸೇರುತ್ತದೆ. ಎರಡೂ ಸಲ ಮೊದಲು ಬಂದವರು ತುದಿಗೆ ಹೋದರು, ಹೆಚ್ಚು ಸ್ಥಿರವಾದ ನಡುವಣ ಕಣ ಹುಟ್ಟಿತು. ಬದಲಾದದ್ದು ಯಾರು ಮೊದಲು ಬಂದರು ಎಂಬುದಷ್ಟೇ.

ಈ ಪರಿಣಾಮ ಹೈಡ್ರೋಜನ್ ಬ್ರೋಮೈಡ್‌ಗೆ ಮಾತ್ರ. ಹೈಡ್ರೋಜನ್ ಕ್ಲೋರೈಡ್‌ನ ಬಂಧ ಮೋಲ್‌ಗೆ ಸುಮಾರು 431 ಕಿಲೋಜೂಲ್. ಕಾರ್ಬನ್ ರ‍್ಯಾಡಿಕಲ್‌ಗೆ ಅದರಿಂದ ಹೈಡ್ರೋಜನ್ ಕೀಳುವುದು ಕಷ್ಟ. ಹೈಡ್ರೋಜನ್ ಅಯೋಡೈಡ್‌ನಲ್ಲಿ ತೊಂದರೆ ಬೇರೆ ಕಡೆ: ಅಯೋಡಿನ್ ರ‍್ಯಾಡಿಕಲ್ ದ್ವಿಬಂಧಕ್ಕೆ ಸೇರುವ ಹಂತವೇ ಸಾಗುವುದಿಲ್ಲ. ಪ್ರಶ್ನೆಯಲ್ಲಿ ಹೈಡ್ರೋಜನ್ ಕ್ಲೋರೈಡ್ ಜೊತೆ ಪೆರಾಕ್ಸೈಡ್ ಕೊಟ್ಟಿದ್ದರೆ ಅದು ದಾರಿ ತಪ್ಪಿಸಲು ಇಟ್ಟದ್ದು. ಪೆರಾಕ್ಸೈಡ್ ಇಲ್ಲವೆಂದೇ ಉತ್ತರ ಬರೆಯಿರಿ.

ಹಂತ 8: ಬ್ರೋಮಿನ್, ನೀರು, ಹೈಡ್ರೋಜನ್

ಬ್ರೋಮಿನ್ ಸೇರುವಾಗ ನಡುವಣ ಕಣ ತೆರೆದ ಕ್ಯಾಟಯಾನ್ ಅಲ್ಲ. ಬ್ರೋಮಿನ್ ಎರಡೂ ಕಾರ್ಬನ್‌ಗಳನ್ನು ಹಿಡಿದುಕೊಂಡು ಮೂರು ಮೂಲೆಯ ಉಂಗುರವಾಗುತ್ತದೆ, ಬ್ರೋಮೋನಿಯಂ ಅಯಾನ್. ಒಂದು ಬದಿ ಮುಚ್ಚಿಹೋದ್ದರಿಂದ ಎರಡನೆಯವರು ಹಿಂಬದಿಯಿಂದಲೇ ಬರಬೇಕು. ಅದಕ್ಕೇ ಸೈಕ್ಲೋಪೆಂಟೀನ್‌ನಿಂದ ಟ್ರಾನ್ಸ್ ಡೈಬ್ರೋಮೈಡ್ ಮಾತ್ರ ಬರುತ್ತದೆ.

ಇದು ಎರಡು ಹಂತದ ಕ್ರಿಯೆ ಎಂದು ಹೇಗೆ ಗೊತ್ತು? ಅಡುಗೆ ಉಪ್ಪು ಕರಗಿಸಿದ ಬ್ರೋಮಿನ್ ನೀರಿಗೆ ಈಥೀನ್ ಹಾಯಿಸಿ. 1,2-ಡೈಬ್ರೋಮೋಈಥೇನ್ ಸಿಗುತ್ತದೆ, ನೀರು ಸೇರಿದ 2-ಬ್ರೋಮೋಈಥನಾಲ್ ಸಿಗುತ್ತದೆ, 1-ಬ್ರೋಮೋ-2-ಕ್ಲೋರೋಈಥೇನ್ ಕೂಡ ಸಿಗುತ್ತದೆ. ಆದರೆ ಎರಡು ಕ್ಲೋರಿನ್ ಇರುವ ಉತ್ಪನ್ನ ಇಲ್ಲವೇ ಇಲ್ಲ. ಅಂದರೆ ಮೊದಲ ಹೆಜ್ಜೆ ಬ್ರೋಮಿನ್‌ನದ್ದೇ, ಎರಡನೆಯ ಹೆಜ್ಜೆಗೆ ಪಕ್ಕದಲ್ಲಿ ಯಾರಿದ್ದಾರೋ ಅವರು.

ನೀರು ಸೇರಿಸಲು ಆಮ್ಲ ಬೇಕು, ದಾರಿ ಹಂತ 6ರದ್ದೇ. ಪ್ರೊಪೀನ್‌ನಿಂದ ಪ್ರೊಪಾನ್-2-ಆಲ್. ಆಲ್ಕೋಹಾಲ್ ತುದಿಯಲ್ಲೇ ಬೇಕೆಂದರೆ ಬೋರೇನ್ ಸೇರಿಸಿ, ಆಮೇಲೆ ಕ್ಷಾರದಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಹಾಕಬೇಕು. ಈ ದಾರಿ ತೆರೆದ ಹರ್ಬರ್ಟ್ ಬ್ರೌನ್ 1979ರ ನೊಬೆಲ್ ಹಂಚಿಕೊಂಡರು. ಲೋಹದ ಮೇಲೆ ಹೈಡ್ರೋಜನ್ ಸೇರುವಾಗ ಎರಡೂ ಹೈಡ್ರೋಜನ್ ಒಂದೇ ಬದಿಯಿಂದ ಬರುತ್ತವೆ, ಅಷ್ಟು ನೆನಪಿದ್ದರೆ ಸಾಕು.

ಆಲ್ಕೀನ್‌ಗೆ ಆಲ್ಕೀನೇ ಸೇರುತ್ತಾ ಹೋದರೆ ಪಾಲಿಮರ್. 1933ರಲ್ಲಿ ಬ್ರಿಟನ್ನಿನ ಗಿಬ್ಸನ್ ಮತ್ತು ಫಾಸೆಟ್ ಈಥೀನ್ ಮತ್ತು ಬೆಂಜಾಲ್ಡಿಹೈಡನ್ನು ಭಾರೀ ಒತ್ತಡದಲ್ಲಿಟ್ಟು ಬೇರೇನನ್ನೋ ಮಾಡಲು ಹೊರಟಿದ್ದರು. ಸಿಕ್ಕಿದ್ದು ಮೇಣದಂಥ ಬಿಳಿ ವಸ್ತು, ಪಾಲಿಥೀನ್. ಕಡಿಮೆ ಒತ್ತಡದಲ್ಲಿ ಅದನ್ನು ಮಾಡುವ ಕ್ರಿಯಾವರ್ಧಕವನ್ನು ಕಾರ್ಲ್ ಜೀಗ್ಲರ್ 1953ರಲ್ಲಿ ಕಂಡುಕೊಂಡರು.

ಹಂತ 9: ದ್ವಿಬಂಧ ಕತ್ತರಿಸುವುದು

ತಣ್ಣಗಿನ, ತೆಳು, ಕ್ಷಾರೀಯ ಪರ್ಮಾಂಗನೇಟ್ ಪೈ ಬಂಧವನ್ನಷ್ಟೇ ಬಿಚ್ಚಿ ಎರಡು ಓಎಚ್ ಗುಂಪುಗಳನ್ನು ಒಂದೇ ಬದಿಗೆ ಸೇರಿಸುತ್ತದೆ. ಬಿಸಿ ಆಮ್ಲೀಯ ಪರ್ಮಾಂಗನೇಟ್ ದ್ವಿಬಂಧವನ್ನೇ ಕತ್ತರಿಸುತ್ತದೆ. ಹೈಡ್ರೋಜನ್ ಇಲ್ಲದ ಕಾರ್ಬನ್ ಕೀಟೋನ್ ಆಗುತ್ತದೆ, ಒಂದು ಹೈಡ್ರೋಜನ್ ಇದ್ದರೆ ಕಾರ್ಬಾಕ್ಸಿಲಿಕ್ ಆಮ್ಲ, ತುದಿಯ ಸಿಎಚ್₂ ಆದರೆ ಕಾರ್ಬನ್ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ.

ಓಜೋನ್ ಹಾಕಿ, ಆಮೇಲೆ ಸತು ಮತ್ತು ನೀರು ಹಾಕಿದರೆ ಕತ್ತರಿ ನಯವಾಗಿ ಕೆಲಸ ಮಾಡುತ್ತದೆ. ದ್ವಿಬಂಧವನ್ನು ಅಳಿಸಿ, ಎರಡೂ ಕಡೆ ಒಂದೊಂದು ಆಕ್ಸಿಜನ್ ಬರೆದರೆ ಉತ್ತರ ಸಿದ್ಧ. ಸತು ಇಲ್ಲಿ ಹುಟ್ಟುವ ಹೈಡ್ರೋಜನ್ ಪೆರಾಕ್ಸೈಡನ್ನು ತೆಗೆದು ಆಲ್ಡಿಹೈಡ್ ಆಮ್ಲವಾಗದಂತೆ ಕಾಯುತ್ತದೆ. ಪ್ರಶ್ನೆ ಉಲ್ಟಾ ಬಂದರೆ ಇನ್ನೂ ಸುಲಭ. ಉತ್ಪನ್ನಗಳ ಆಕ್ಸಿಜನ್ ತುದಿಗಳನ್ನು ಎದುರುಬದುರಾಗಿ ಬರೆಯಿರಿ, ಆಕ್ಸಿಜನ್ ಅಳಿಸಿ, ನಡುವೆ ದ್ವಿಬಂಧ ಎಳೆಯಿರಿ.

ಹಂತ 10: ಪ್ರಯೋಗಾಲಯದಲ್ಲಿ ಗುರುತಿಸುವುದು

ಎರಡು ನಳಿಕೆಗಳಲ್ಲಿ ಬಣ್ಣವಿಲ್ಲದ ದ್ರವ. ಒಂದು ಹೆಕ್ಸೇನ್, ಒಂದು ಹೆಕ್ಸೀನ್. ಎರಡಕ್ಕೂ ಕೆಲವು ಹನಿ ಬ್ರೋಮಿನ್ ನೀರು ಹಾಕಿ ಅಲ್ಲಾಡಿಸಿ. ಹೆಕ್ಸೀನ್‌ನಲ್ಲಿ ಕಿತ್ತಳೆ ಬಣ್ಣ ಕೂಡಲೇ ಮಾಯ. ಹೆಕ್ಸೇನ್‌ನಲ್ಲಿ ಬಣ್ಣ ಹೋಗುವುದಿಲ್ಲ, ಮೇಲೆ ತೇಲುವ ಹೆಕ್ಸೇನ್ ಪದರಕ್ಕೆ ಏರಿ ಕೂರುತ್ತದೆ. ಅದನ್ನು ಬಿಸಿಲಿಗೆ ಹಿಡಿದರೆ ಮಾತ್ರ ನಿಧಾನವಾಗಿ ಮಾಸುತ್ತದೆ, ಅದು ಹಂತ 5ರ ಆದೇಶನ ಕ್ರಿಯೆ. ಹಾಗಾಗಿ ಪರೀಕ್ಷೆಯನ್ನು ನೇರ ಬೆಳಕಿನಿಂದ ದೂರ ಮಾಡಿ.

ಎರಡನೆಯದು ಬೇಯರ್ ಪರೀಕ್ಷೆ. ತಣ್ಣಗಿನ ಕ್ಷಾರೀಯ ಪರ್ಮಾಂಗನೇಟ್‌ನ ನೇರಳೆ ಬಣ್ಣ ಹೋಗಿ ಮ್ಯಾಂಗನೀಸ್ ಡೈಆಕ್ಸೈಡ್‌ನ ಕಂದು ಗಷ್ಟು ಕೆಳಗೆ ಇಳಿಯುತ್ತದೆ. ಒಂದೇ ಪರೀಕ್ಷೆ ನಂಬಿ ಕೂರಬೇಡಿ. ಆಲ್ಡಿಹೈಡ್ ಕೂಡ ಪರ್ಮಾಂಗನೇಟ್ ಬಣ್ಣ ಕಳೆಯುತ್ತದೆ, ಫೀನಾಲ್ ಕೂಡ ಬ್ರೋಮಿನ್ ನೀರಿನ ಬಣ್ಣ ಕಳೆಯುತ್ತದೆ. ಬ್ರೋಮಿನ್ ಚರ್ಮ ಸುಡುತ್ತದೆ, ಹಬೆ ಶ್ವಾಸಕೋಶಕ್ಕೆ ಕೆಟ್ಟದ್ದು. ಹಬೆಗೂಡಿನೊಳಗೆ, ಕೈಗವಸು, ಕನ್ನಡಕ ಹಾಕಿಕೊಂಡೇ ಮಾಡಿ. ಚೆಲ್ಲಿದ್ದನ್ನು ತಣಿಸಲು ಸೋಡಿಯಂ ಥಯೋಸಲ್ಫೇಟ್ ದ್ರಾವಣ ಪಕ್ಕದಲ್ಲಿರಲಿ.

ಎಲ್ಲ ಹಂತಗಳೂ ಒಂದೇ ಲೆಕ್ಕದಲ್ಲಿ

ಸಿ₅ಎಚ್₁₀ ಸೂತ್ರದ ಒಂದು ವಸ್ತು ಬ್ರೋಮಿನ್ ನೀರಿನ ಬಣ್ಣ ಕಳೆಯುತ್ತದೆ. ಓಜೋನ್, ಆಮೇಲೆ ಸತು ಮತ್ತು ನೀರು ಹಾಕಿದಾಗ ಪ್ರೊಪನೋನ್ ಮತ್ತು ಈಥನಾಲ್ (ಆಲ್ಕೋಹಾಲ್ ಅಲ್ಲ, ಎರಡು ಕಾರ್ಬನ್‌ನ ಆಲ್ಡಿಹೈಡ್) ಬರುತ್ತವೆ. ವಸ್ತು ಯಾವುದು? ಅದಕ್ಕೆ ಹೈಡ್ರೋಜನ್ ಬ್ರೋಮೈಡ್ ಸೇರಿಸಿದರೆ ಏನು ಬರುತ್ತದೆ? ಹೈಡ್ರೋಜನ್ ಸೇರಿಸಿ, ಆಮೇಲೆ ಬೆಳಕಿನಲ್ಲಿ ಬ್ರೋಮಿನ್ ಹಾಕಿದರೆ?

ಕೊರತೆ ಒಂದು. ಬಣ್ಣ ಕಳೆಯಿತು, ಹಾಗಾಗಿ ಉಂಗುರವಲ್ಲ, ದ್ವಿಬಂಧ. ಎರಡು ತುಂಡುಗಳ ಆಕ್ಸಿಜನ್ ಅಳಿಸಿ ಜೋಡಿಸಿದರೆ 2-ಮೀಥೈಲ್‌ಬ್ಯೂಟ್-2-ಈನ್.

ಹೈಡ್ರೋಜನ್ ಬ್ರೋಮೈಡ್‌ನ ಹೈಡ್ರೋಜನ್ ಮೂರನೇ ಕಾರ್ಬನ್‌ಗೆ ಹೋದರೆ ಎರಡನೆಯದರ ಮೇಲೆ ತೃತೀಯಕ ಕ್ಯಾಟಯಾನ್. ಜರುಗುವ ಅಗತ್ಯ ಇಲ್ಲ, ಅದು ಆಗಲೇ ಆರಾಮಾಗಿದೆ. ಉತ್ತರ 2-ಬ್ರೋಮೋ-2-ಮೀಥೈಲ್‌ಬ್ಯೂಟೇನ್. ಪೆರಾಕ್ಸೈಡ್ ಇದ್ದಿದ್ದರೆ ಬ್ರೋಮಿನ್ ಮೊದಲು ಮೂರನೇ ಕಾರ್ಬನ್‌ಗೆ ಕೂತು 2-ಬ್ರೋಮೋ-3-ಮೀಥೈಲ್‌ಬ್ಯೂಟೇನ್ ಬರುತ್ತಿತ್ತು.

ಮೂರನೇ ಪ್ರಶ್ನೆಗೆ ಮೊದಲು ಹೈಡ್ರೋಜನ್ ಸೇರಿಸಿ 2-ಮೀಥೈಲ್‌ಬ್ಯೂಟೇನ್ ಮಾಡಿಕೊಳ್ಳಿ. ಅದರಲ್ಲಿ 9 ಪ್ರಾಥಮಿಕ, 2 ದ್ವಿತೀಯಕ, 1 ತೃತೀಯಕ ಹೈಡ್ರೋಜನ್. ಬ್ರೋಮಿನ್ ಅಂಕಿಗಳಿಂದ ಗುಣಿಸಿದರೆ 9, 164, 1600. ಒಟ್ಟು 1773. ತೃತೀಯಕ ಉತ್ಪನ್ನ ಶೇಕಡಾ 90. ಅದೂ 2-ಬ್ರೋಮೋ-2-ಮೀಥೈಲ್‌ಬ್ಯೂಟೇನೇ! ಒಂದು ದಾರಿಯಲ್ಲಿ ಕ್ಯಾಟಯಾನ್, ಇನ್ನೊಂದರಲ್ಲಿ ರ‍್ಯಾಡಿಕಲ್. ಎರಡೂ ಕೂತದ್ದು ಅದೇ ಎರಡನೇ ಕಾರ್ಬನ್ ಮೇಲೆ.

ಬ್ರೋಮಿನ್ ಜಾಗದಲ್ಲಿ ಕ್ಲೋರಿನ್ ಹಾಕಿ ಇದೇ ಲೆಕ್ಕ ಮಾಡಿದರೆ 9, 7.6, 5. ಒಟ್ಟು 21.6. ತೃತೀಯಕ ಶೇಕಡಾ 23, ದ್ವಿತೀಯಕ 35. ಉಳಿದ ಪ್ರಾಥಮಿಕ 42 ಮತ್ತೆ ಎರಡಾಗಿ ಒಡೆಯುತ್ತದೆ: ಕವಲಿನ ಕಡೆಯ 6 ಹೈಡ್ರೋಜನ್‌ಗಳಿಂದ 28, ಇನ್ನೊಂದು ತುದಿಯ 3ರಿಂದ 14. ನಾಲ್ಕು ವಸ್ತುಗಳ ಮಿಶ್ರಣ, ಯಾವುದೂ ಅರ್ಧದಷ್ಟೂ ಇಲ್ಲ. ಅದನ್ನು ಬೇರ್ಪಡಿಸಲು ಕೂರುವುದಕ್ಕಿಂತ ಆಲ್ಕೀನ್‌ಗೆ ನೇರವಾಗಿ ಹೈಡ್ರೋಜನ್ ಕ್ಲೋರೈಡ್ ಸೇರಿಸುವುದೇ ಲೇಸು.